ಮುದ್ದೆಯ ಹೊಳಪು

"ಪಾಪ, ಹುಡುಗ ಏನೂ ತಿನ್ನೋ ಹಾಗಿಲ್ಲ" ಎಂಬುದು ನನ್ನ ಬಗ್ಗೆ ನೆಂಟರು ಹೇಳುವ ಕಥೆ. ಈ ಕಥೆಗೆ ನನ್ನ ತಕರಾರಿದೆ. ಗೋಧಿ ನನಗೆ ಒಗ್ಗುವುದಿಲ್ಲ, ಹಾಲೂ ಒಗ್ಗುವುದಿಲ್ಲ, ಇಷ್ಟು ನಿಜ. ಗೌರಿ ಹಬ್ಬದ ಹಿಂದಿನ ವಾರ ಹಾಸನದ ವೈದ್ಯರು ಪರೀಕ್ಷೆ ಮಾಡಿಸಿ, ಚೀಟಿಯಲ್ಲಿ ಎರಡನ್ನೂ ಬರೆದು ಅಡಿಗೆರೆ ಎಳೆದರು. ಆದರೆ ಅಷ್ಟರಿಂದ "ಏನೂ" ಎಂಬ ತೀರ್ಮಾನಕ್ಕೆ ಹಾರುವುದು ಚರ್ಚಾಸ್ಪರ್ಧೆಯ ಮೊದಲ ಸುತ್ತಿನಲ್ಲೇ ಬಿದ್ದುಹೋಗುವ ವಾದ. ನಮ್ಮ ಮುದ್ದೆ ರಾಗಿಯದು, ರೊಟ್ಟಿ ಅಕ್ಕಿಯದು. ಅಕ್ಕಿಹಿಟ್ಟಿನ ಒತ್ತು ಶ್ಯಾವಿಗೆಯನ್ನು ಕಾಯಿಹಾಲಿನಲ್ಲಿ ಮುಳುಗಿಸಿ ತಿನ್ನುವ ಜನ ನಾವು. ಆ ಹಾಲಿಗೂ ಹಸುವಿಗೂ ಮುಖಪರಿಚಯವೂ ಇಲ್ಲ. ಬಸ್ಸಾರು, ಉಪ್ಸಾರು, ಹುರುಳಿ, ಅವರೆ, ಹುಚ್ಚೆಳ್ಳು ಚಟ್ನಿ... ನನ್ನ ಹೊಟ್ಟೆಯನ್ನು ಮೊದಲೇ ನೋಡಿಕೊಂಡು ಯಾರೋ ಈ ಸೀಮೆಯ ಅಡುಗೆ ಗೊತ್ತು ಮಾಡಿದಂತಿದೆ. ಚಪಾತಿ ನಮ್ಮ ಮನೆಗೆ ಬಂದದ್ದೇ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ. ಔಷಧಿಯ ಜೊತೆ ಬಂತು, ಔಷಧಿಯಂತೆಯೇ ಇಳಿಯಿತು.

ಆದ್ದರಿಂದ ತಿನ್ನುವುದು ಕಷ್ಟವಲ್ಲ. ತಿನ್ನುವುದಿಲ್ಲ ಎಂದು ಹೇಳುವುದು ಕಷ್ಟ. ನುಗ್ಗೇಹಳ್ಳಿಯ ಒಂದು ಗೃಹಪ್ರವೇಶದಲ್ಲಿ ಹಾಲು ಬೇಡವೆಂದೆ. ಮನೆಯ ಯಜಮಾನರು ಮಜ್ಜಿಗೆ ತಂದರು. ಅದೂ ಹಾಲಿನದೇ ಅಲ್ಲವೇ ಎಂದೆ. "ಆಲು ಎಪ್ಪಾಕಿ ಮೊಸರಾಗಿ, ಮೊಸರು ಕಡೆದು ಮಜ್ಜಿಗೆ ಆದದ್ದು ಸಾ. ತಾತನ ಮೇಲಿನ ಕೇಸು ಮೊಮ್ಮಗನ ಮೇಲೆ ಆಕ್ತೀರಾ?" ಎಂದರು. ಹಾಸನದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿರುವ ನನಗೆ ಇಷ್ಟು ಚೆಂದದ ವಾದ ಕೋರ್ಟಿನಲ್ಲಿ ಕೇಳಿದ ನೆನಪಿಲ್ಲ. ನಮ್ಮಲ್ಲಿ ಹಾಲು ಒಂದು ಜಾತಿ, ಮಜ್ಜಿಗೆ ಇನ್ನೊಂದು. ತುಪ್ಪವಂತೂ ಯಾವ ಜಾತಿಗೂ ಸೇರದ ಸನ್ಯಾಸಿ. ಶ್ರವಣಬೆಳಗೊಳದ ಬೆಟ್ಟದ ಮೇಲಿನ ಮೂರ್ತಿಗೆ ಕೊಡಗಟ್ಟಲೆ ಹಾಲೆರೆದರೂ ಒಂದು ಹನಿ ಒಳಗಿಳಿಯುವುದಿಲ್ಲ. ಹಾಲಿನ ಜೊತೆ ಅಂಥದೊಂದು ಗೌರವದ ದೂರ ನನಗೂ ಸಿಗಲಿ ಎಂಬುದಷ್ಟೇ ನನ್ನ ಕೋರಿಕೆ.

ನಾನಿರುವುದು ಹೊಳೆನರಸೀಪುರದಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಓದಲೆಂದು ಅರಕಲಗೂಡಿನಿಂದ ಇಲ್ಲಿಗೆ ಬಂದವನು ಇಲ್ಲಿಯವನೇ ಆದೆ. ಹದಿನೈದು ವರ್ಷದಿಂದ ನನಗೆ ಅನ್ನವೆಂದರೆ ದೊಡ್ಡಮ್ಮನ ಕೈ. ವೈದ್ಯರ ಚೀಟಿಯನ್ನು ಅವಳಿಗೆ ಓದಿ ಹೇಳಿದೆ. ಗೋಧಿಯ ಡಬ್ಬ ಅಂದೇ ಪಕ್ಕದ ಮನೆಗೆ ಹೋಯಿತು, ದೊಡ್ಡಪ್ಪನಿಗೂ ಚಪಾತಿಯ ಬದಲು ರಾಗಿರೊಟ್ಟಿಯಾಯಿತು. ನಾನೂ ನನ್ನ ಪಾಲಿನ ಶಿಸ್ತು ಪಾಲಿಸಿದೆ. ಇಂಗಿನ ಡಬ್ಬಿಯ ಹಿಂದಿನ ಸಣ್ಣಕ್ಷರಗಳಲ್ಲೂ ಗೋಧಿ ಹಿಟ್ಟನ್ನು ಪತ್ತೆ ಮಾಡಿದೆ. ಆದರೂ ದೀಪಾವಳಿ ಕಳೆದರೂ ಹೊಟ್ಟೆನೋವು ಹೋಗಲಿಲ್ಲ. ಅಪರಾಧ ನಡೆಯುತ್ತಿದೆ ಎಂದಮೇಲೆ ಅಪರಾಧಿ ಇರಲೇಬೇಕು. ಒಂದು ಮಧ್ಯಾಹ್ನ ತಟ್ಟೆಯಲ್ಲಿ ಕೂತ ಮುದ್ದೆಯನ್ನು ನೋಡಿದೆ. ಅದು ಹೊಳೆಯುತ್ತಿತ್ತು.

"ದೊಡ್ಡಮ್ಮ, ತುಪ್ಪ ಸವರಿದ್ದೀಯಾ?"

"ಇಲ್ಲ ಕಣ್ಲಾ."

"ಮತ್ತೆ ಯಾಕೆ ಹೊಳೀತಿದೆ?"

"ಮುದ್ದೆ ಒಳೀದೆ ಮಸಿ ಒಳೀತದಾ?"

"ಮೊದಲು ಸವರ್ತಿದ್ದೆ, ಹೌದೋ ಅಲ್ಲವೋ?"

"ಸವರ್ತಿದ್ದೆ. ಈಗಿಲ್ಲ."

"ನಾನು ಬಡವಾಗಿದ್ದೀನಿ ಅಂತ ನಿನಗೆ ಅನ್ನಿಸಿದೆ ತಾನೇ?"

"ಇನ್ನೇನ್ಲಾ, ಕನ್ನಡೀಲಿ ಮಕ ನೋಡ್ಕಂಡಿದ್ದೀಯಾ? ಸೌದೆ ಸೀಳು ಆಗಿದ್ದೀಯಾ."

ಹಳೆಯ ರೂಢಿ, ಈಗಿನ ಉದ್ದೇಶ, ಕಣ್ಣೆದುರಿಗಿನ ಕುರುಹು. ಮೂರನ್ನೂ ಜೋಡಿಸಿ, ತೋರುಬೆರಳೆತ್ತಿ ಮಂಡಿಸಿದೆ. ಸಾರು ಆರುತ್ತಿತ್ತು. ದೊಡ್ಡಮ್ಮ ಸಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಊಂ ಕಣಪ್ಪ, ಆಕ್ದೆ. ಒಂದ್ ಬೆರಳು ಆಕ್ದೆ. ಈಗ ಉಣ್ಣು."

ನಾನು ಉಣ್ಣಲಿಲ್ಲ. ಗೆದ್ದವನು ಏಳುವ ಹಾಗೆ ಎದ್ದೆ. ಮಾರನೆಯ ದಿನ ಒಂದು ಕರೆಂಟ್ ಒಲೆ ತಂದು ಹಿಂದಿನ ಕೋಣೆಯಲ್ಲಿ ನನ್ನ ಅಡುಗೆ ನಾನೇ ಶುರು ಮಾಡಿದೆ. ಒಂದು ಮನೆಯಲ್ಲಿ ಎರಡು ಒಲೆ ಹೊತ್ತಿದರೆ ಮನೆ ಪಾಲಾಯಿತೆಂದೇ ನಮ್ಮ ಕಡೆ ಅರ್ಥ. ಪಕ್ಕದ ಮನೆಯವರು ಕೇಳಿಯೇ ಬಿಟ್ಟರು: "ಏನಕ್ಕಾ, ಮಗ ಬ್ಯಾರೆ ಓದ್ನಾ?" ದೊಡ್ಡಮ್ಮ ತಡವರಿಸದೆ, "ಅಡುಗೆ ಕಲೀತಾವ್ನೆ ಕಣವ್ವ. ಈಗಿನ ಎಣ್ಮಕ್ಕಳು ಅದನ್ನೇ ಮೊದ್ಲು ಕೇಳ್ತವಂತೆ" ಎಂದಳು. ನನ್ನ ಜೊತೆ ಮಾತು ಬಿಡಲಿಲ್ಲ. ಉಂಡೆಯಾ ಎಂದು ಕೇಳುವುದನ್ನು ಮಾತ್ರ ಬಿಟ್ಟಳು. ನಮ್ಮ ಮನೆಯಲ್ಲಿ ಬಯ್ದದ್ದಕ್ಕಿಂತ ಅದು ದೊಡ್ಡದು.

ನನ್ನ ಮುದ್ದೆಯಲ್ಲಿ ಮೊದಲ ವಾರ ಹಿಟ್ಟಿಗಿಂತ ಗಂಟೇ ಹೆಚ್ಚು. ಆಮೇಲೆ ಕೋಲು ಹಿಡಿಯುವುದು ಗೊತ್ತಾಯಿತು. ಚೆನ್ನಾಗಿ ತೊಳಸಿ, ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಿದ ಒಂದು ದಿನ ನನ್ನ ಮುದ್ದೆಯೂ ಹೊಳೆಯಿತು. ಅಂದೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ತಪ್ಪೊಪ್ಪಿಗೆ ಕೈಯಲ್ಲಿರುವಾಗ ಸಾಕ್ಷಿಯನ್ನು ತಿರುಗಿ ನೋಡುವ ವಕೀಲ ಯಾರಿದ್ದಾನೆ?

ಎಚ್ಚರಿಸಿದ್ದು ಹೊಟ್ಟೆ. ಅಪರಾಧಿಯನ್ನು ಅಡುಗೆಯಿಂದಲೇ ಹೊರಗಿಟ್ಟು ತಿಂಗಳಾದರೂ ಅದು ನೋಯುತ್ತಲೇ ಇತ್ತು. ಎರಡು ಒಲೆಗಳಿಗೂ ಸಮಾನವಾಗಿ ಉಳಿದದ್ದು ಒಂದೇ, ರಾಗಿಹಿಟ್ಟು. ಆ ವಾರ ರಾಗಿ ಬೀಸಿಸಲು ನಾನೇ ಮಿಲ್ಲಿಗೆ ಹೋಗಿ ಸರದಿಯಲ್ಲಿ ನಿಂತೆ. ಖಾರದ ಪುಡಿಗೊಂದು ಮಿಶಿನ್ನು, ಮಿಕ್ಕ ಕಾಳುಗಳಿಗೆಲ್ಲ ಇನ್ನೊಂದು. ನನಗಿಂತ ತಡವಾಗಿ ಬಂದ ಗೋಧಿ ಚೀಲವನ್ನು ಮಿಲ್ಲಿನ ರಾಜಣ್ಣ ಮುಂದೆ ಎಳೆದುಕೊಂಡ. ನ್ಯಾಯ ಕೇಳಿದೆ.

"ಅಕ್ಕಿ, ಗೋದಿ ಮೊದ್ಲು, ರಾಗಿ ಕೊನೇಗೆ ಸಾ. ಬಿಳೀದ್ರಾಗೆ ಕರೀದು ಬಿದ್ರೆ ಜಗಳಕ್ಕೇ ಬತ್ತಾರೆ. ಕರೀದ್ರಾಗೆ ಬಿಳೀದು ಬಿದ್ರೆ ಯಾರಿಗ್ ಕಾಣ್ತದೆ?"

ಕಾಣುವುದಿಲ್ಲ, ನಿಜ. ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟೆಲ್ಲ ಮುಂದಿನ ರಾಗಿಯ ಜೊತೆ ಇಳಿಯುತ್ತದೆ. ಬಣ್ಣ ಕೆಡದಿರಲೆಂದು ಮಾಡಿದ ಈ ಏರ್ಪಾಡಿನಲ್ಲಿ ನನ್ನ ರಾಗಿ ಪ್ರತಿ ಸಲವೂ ಗೋಧಿಯ ಬೆನ್ನಿಗೇ ನಿಂತಿತ್ತು. ರಾಜಣ್ಣನಿಗೆ ಕಾಯಿಲೆಯ ವಿಷಯ ಹೇಳಿದೆ. ನಗಲಿಲ್ಲ. "ಮಂಗಳವಾರ ಬೆಳಿಗ್ಗೆ ಮಿಶಿನ್ ಬಿಚ್ಚಿ ಒರೆಸ್ತೀನಿ, ಆವಾಗ್ಲೇ ಬನ್ನಿ. ಮೊದ್ಲು ಒಂದೆರಡು ಸೇರು ಅಕ್ಕಿ ಬಿಟ್ಟು ಆಮೇಲೆ ನಿಮ್ದು" ಎಂದ. ಆ ಅಕ್ಕಿಹಿಟ್ಟು ಅವನ ಮನೆಯ ಕೋಳಿಗಳಿಗೆ. ಮೂರನೆಯ ಮಂಗಳವಾರದ ಹೊತ್ತಿಗೆ ಹೊಟ್ಟೆ ತಣ್ಣಗಾಯಿತು.

ನಾನು ಉದಾರನಾದೆ. ಕರೆಂಟ್ ಒಲೆಯನ್ನು ಅಟ್ಟಕ್ಕೆ ಹಾಕಿ, "ಅರ್ಧ ತಪ್ಪು ಮಿಲ್ಲಿಂದು, ಅರ್ಧ ನಿನ್ನ ತುಪ್ಪದ್ದು. ಹೋಗಲಿ, ಮರೆತುಬಿಡೋಣ" ಎಂದೆ. ದೊಡ್ಡಮ್ಮ "ಮರ್ತುಬುಡಪ್ಪ" ಎಂದು ಎಸರಿಟ್ಟಳು.

ಮೊನ್ನೆ, ಅವರೆಕಾಯಿ ಮೂಟೆಗಟ್ಟಲೆ ಬರುತ್ತಿರುವ ಈ ಕಾಲದಲ್ಲಿ, ಚನ್ನರಾಯಪಟ್ಟಣದಿಂದ ದೊಡ್ಡಮ್ಮನ ಮಗಳು ಬಂದಳು. ನಾನು ಅಕ್ಕ ಎನ್ನುವವಳು. ಬಂದವಳೇ ನನ್ನ ಮೇಲೆ ತಮಾಷೆ ಶುರು ಮಾಡಿದಳು: "ನಿನ್ನ ಒಟ್ಟೆಗೆ ಒಂದ್ ನಮಸ್ಕಾರ ಕಣ್ಲಾ. ಅರಕಲಗೂಡಿಂದ ನಿಮ್ಮವ್ವ ಕಳ್ಸೋ ಬೆಣ್ಣೆಯೆಲ್ಲಾ ಗೌರಿ ಹಬ್ಬದಿಂದ ನೆಟ್ಟಗೆ ನಮ್ಮನ್ಗೇ ಬತ್ತಾ ಐತೆ. ತುಪ್ಪದ ಗಡಿಗೆ, ಅದ್ರ ಸೌಟು, ಎಲ್ಲಾ ನಮ್ಮವ್ವ ನನ್ ತಾವೇ ತಂದಿಟ್ಟವ್ಳೆ. ಮನೇಲಿದ್ರೆ ಮರ್ತು ಕೈ ಓಯ್ತದೆ ಅಂತ."

ಗೌರಿ ಹಬ್ಬದಿಂದ. ನಾನು ಬೆರಳೆತ್ತಿ ವಾದ ಮಂಡಿಸಿದ್ದು ದೀಪಾವಳಿಯಾದ ಮೇಲೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೆರಳಿಗೆ ಅಂಟುವಷ್ಟೂ ತುಪ್ಪವಿರಲಿಲ್ಲ. ಅಕ್ಕ ನಗುತ್ತಿದ್ದಳು. ನಾನು ಗೆದ್ದ ಚರ್ಚೆಗಳಲ್ಲಿ ಇನ್ನೆಷ್ಟು ಇಂಥವಿದ್ದವೋ ಎಂದು ಯೋಚಿಸುತ್ತ ನಾನೂ ಸ್ವಲ್ಪ ನಕ್ಕೆ.

ಅಕ್ಕ ಊರಿಗೆ ಹೊರಟ ಮೇಲೆ ಜಗಲಿಗೆ ಹೋದೆ. ದೊಡ್ಡಮ್ಮ ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿದ್ದವು. ಕ್ಷಮೆ ಕೇಳಬೇಕೆಂದು ಹೋದವನಿಗೆ ಬಾಯಿಗೆ ಬಂದದ್ದು ಪ್ರಶ್ನೆಯೇ.

"ದೊಡ್ಡಮ್ಮ, ಹಾಕದೇ ಇದ್ದ ತುಪ್ಪಾನ ಹಾಕ್ದೆ ಅಂತ ಯಾಕೆ ಒಪ್ಕೊಂಡೆ?"

"ಸಾರು ಆರೋಯ್ತಿತ್ತು ಕಣ್ಲಾ, ಒಪ್ಕಂಡ್ರಾದ್ರೂ ಉಣ್ತೀಯ ಅಂತ."