ಪೂಮಾ ಇದ್ದ ಕೋಣೆಯ ಬಾಗಿಲು ಕೊಯ್ದ ದಿನ

"ರಾಡ್ ಇನ್ನಾ ದಪ್ಪ ಹಾಕ್ರಿ. ಇದು ಕಚ್ಚಾಕತ್ತೈತಿ" ಎಂದರು ಫಾರ್ಮ್‌ಹೌಸ್ ಮಾಲೀಕರು.

ಗಡಹಿಂಗ್ಲಜ ಹತ್ತಿರದ ಅವರ ತೋಟದಲ್ಲಿ, ಪಂಪ್‌ಹೌಸ್ ಹಿಂದಿನ ಕೋಣೆಯ ಮುಂದೆ ನಾನು ಅಳತೆಯ ಟೇಪ್ ಹಿಡಿದು ನಿಂತಿದ್ದೆ. ನಾಯಿ ಕೋಣೆಯ ಕಬ್ಬಿಣದ ಜಾಳಿಗೆ ಗಟ್ಟಿ ಮಾಡಬೇಕು ಎಂದು ಫೋನಿನಲ್ಲಿ ಹೇಳಿದ್ದರು.

ಒಳಗಿದ್ದದ್ದು ನಾಯಿ ಅಲ್ಲ.

ಮರಳಿನ ಬಣ್ಣದ, ಚುಕ್ಕೆ ಇಲ್ಲದ ಚಿರತೆಯಂಥ ಪ್ರಾಣಿ. "ಪೂಮಾ ಅಂತಾರ್ರಿ, ಅಮೆರಿಕಾದ್ದು. ನಮ್ಮ ಜಿಲ್ಲೆದಾಗ ಯಾರ ಕಡೆನೂ ಇಲ್ಲ" ಎಂದು ಅವರು ಹೆಮ್ಮೆಯಿಂದ ಹೇಳಿದರು.

ಅದು ಎದ್ದು ಎರಡು ಹೆಜ್ಜೆ ಇಟ್ಟಿತು. ಹಿಂಗಾಲು ಎರಡೂ ಒಳಗೆ ಬಾಗಿದ್ದವು. ಮರಿಯಿದ್ದಾಗಿನಿಂದ ಎಲುಬಿಲ್ಲದ ಕೋಳಿ ಮಾಂಸ ಬಿಟ್ಟು ಬೇರೇನೂ ಹಾಕಿಲ್ಲವಂತೆ.

ಊರಿನ ವೆಲ್ಡರ್‌ಗಳನ್ನೆಲ್ಲ ಬಿಟ್ಟು ಇಚಲಕರಂಜಿಯ ಶಹಾಪುರದಿಂದ ನನ್ನನ್ನೇಕೆ ಕರೆಸಿದರು ಎಂಬುದು ಆಗ ತಿಳಿಯಿತು. ಸುದ್ದಿ ಊರಲ್ಲಿ ಹರಡಬಾರದಲ್ಲ…

"ಅಳತೆ ಆತ್ರಿ, ಹೇಳಿ ಕಳಸ್ತೀನಿ" ಎಂದು ಹೊರಟುಬಂದೆ. ದಾರಿಯುದ್ದಕ್ಕೂ ಆ ಬಾಗಿದ ಕಾಲುಗಳೇ ಕಣ್ಣ ಮುಂದೆ.

ನನ್ನ ಯಜಮಾನರು ಮಗ್ಗ ರಿಪೇರಿ ಮಾಡುತ್ತಾರೆ. ಯಾರ ತಂಟೆಗೂ ಹೋಗದ ಮನುಷ್ಯ. ಊಟದ ಹೊತ್ತಿಗೆ ಎಲ್ಲ ಹೇಳಿದೆ.

"ಮೋಠಾ ಮಾಣೂಸ್, ದೊಡ್ಡ ಮನುಷ್ಯಾರು ಅದಾರ ಅವ್ರು. ನಾಳೆ ನಿನಗ ಒಂದ್ ಗೇಟಿನ ಕೆಲಸಾನೂ ಸಿಗಂಗಿಲ್ಲ ನೋಡ" ಎಂದರು. ತಾಟು ಸರಿಸಿ ಕೈ ತೊಳೆದು ಬಂದು, "ಆದ್ರ ನಡಿಯಾಕ ಬರಂಗಿಲ್ಲ ಅಂತಿ ಅದಕ್ಕ…" ಎಂದು ಗಾಡಿಯ ಚಾವಿ ತೆಗೆದುಕೊಂಡರು.

ಇಬ್ಬರೂ ಕೊಲ್ಹಾಪುರಕ್ಕೆ ಹೋದೆವು. ಅರಣ್ಯ ಇಲಾಖೆಯಲ್ಲಿ ಒಬ್ಬ ಮೇಡಂ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಇಂಥ ಹೊರದೇಶದ ಪ್ರಾಣಿಗೂ ಈಗ ನೋಂದಣಿ ಬೇಕು, ಇವರದ್ದು ಎಲ್ಲಿಯೂ ಇಲ್ಲ ಎಂದರು. ಜಾಗ ತೋರಿಸಲು ಬರುತ್ತೀರಾ ಎಂದು ಕೇಳಿದರು.

ಹೆದರಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ಬರುತ್ತೇನೆ ಎಂದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಪ್ರಾಣಿಗಳ ಡಾಕ್ಟರ್ ಸಮೇತ ಹೋದೆವು. ನೋಡಿದರೆ ಕೋಣೆಗೆ ಜಾಳಿಗೆಯೇ ಕಾಣುತ್ತಿಲ್ಲ! ಮೇಲಿಂದ ಕೆಳಗಿನವರೆಗೆ ತುಕ್ಕು ಹಿಡಿದ ಕಬ್ಬಿಣದ ತಗಡು. ಯಾರೋ ಅವರಿಗೆ ಮೊದಲೇ ಸುದ್ದಿ ಮುಟ್ಟಿಸಿರಬೇಕು.

"ಇದು ಹಳೇ ಸ್ಟೋರ್ ರೂಮ್ ಐತ್ರಿ ಮೇಡಂ. ವರ್ಷಾತು ತಗದಿಲ್ಲ" ಎಂದರು ಮಾಲೀಕರು. ನನ್ನ ಕಡೆ ನೋಡಲೇ ಇಲ್ಲ.

ಮೇಡಂ ನನ್ನ ಮುಖ ನೋಡಿದರು. ಒಂದು ಕ್ಷಣ ನನಗೇ ಅನುಮಾನ… ಜಾಗ ತಪ್ಪಿದೆನೇ?

ಹತ್ತಿರ ಹೋಗಿ ತಗಡಿನ ಅಂಚು ಮುಟ್ಟಿದೆ. ತಗಡು ಹಳೆಯದು, ನಿಜ. ಆದರೆ ಬೆಸುಗೆ?

"ಮೇಡಂ, ವರ್ಷದ ವೆಲ್ಡಿಂಗ್ ಆಗಿದ್ರ ಇದಕ್ಕೂ ತುಕ್ಕು ಹಿಡೀತಿತ್ತ್ರಿ. ಇಲ್ಲಿ ನೋಡ್ರಿ, ಸುಟ್ಟ ನೀಲಿ ಬಣ್ಣ ಇನ್ನೂ ಹೋಗಿಲ್ಲ. ಇದು ನಿನ್ನೆ ಮೊನ್ನೆ ಹಾಕಿದ್ದು."

ಬೆರಳಿನಿಂದ ತಗಡು ತಟ್ಟಿದೆ. ಒಳಗಿನಿಂದ ಹಕ್ಕಿ ಸಿಳ್ಳೆ ಹಾಕಿದಂಥ ಸಣ್ಣ ದನಿ. ಪೂಮಾ ಗರ್ಜಿಸುವುದಿಲ್ಲ, ಹೀಗೇ ಕೂಗುತ್ತದೆ ಎಂದು ಡಾಕ್ಟರ್ ಹೇಳಿದರು.

ಮಾಲೀಕರು ಫೋನ್ ಹಿಡಿದು ಪಂಪ್‌ಹೌಸ್ ಕಡೆ ಸರಿದರು.

ಈಗ ಅದನ್ನು ಹೊರಗೆ ತರುವುದು ಹೇಗೆ? ನೀವು ಹೇಳಿದಂತೆ ಬರೀ ಎಲುಬಿಲ್ಲದ ಮಾಂಸ ತಿಂದಿದ್ದರೆ ಎಲುಬು ಮೆತ್ತಗಾಗಿ ಪ್ರಾಣಿ ಅಶಕ್ತವಾಗಿರುತ್ತದೆ, ಮತ್ತಿನ ಇಂಜೆಕ್ಷನ್ ಬೇಡ ಎಂದರು ಡಾಕ್ಟರ್. ಗ್ರೈಂಡರ್ ಹಚ್ಚಿದರೆ ಐದು ನಿಮಿಷದ ಕೆಲಸ, ಆದರೆ ಆ ಸದ್ದಿಗೆ, ಕಿಡಿಗೆ ಅದು ಗೋಡೆಗೆ ಬಡಿದುಕೊಂಡು ಕಾಲು ಮುರಿದುಕೊಂಡರೆ?

ನಾನು ಕಬ್ಬಿಣ ಕೊಯ್ಯುವ ಕೈಗರಗಸ, ಹ್ಯಾಕ್ಸಾ ತೆಗೆದೆ.

ಎಣ್ಣೆ ಬಿಟ್ಟುಕೊಂಡು ನಿಧಾನವಾಗಿ ಕೊಯ್ಯುತ್ತಿದ್ದೇನೆ. ಬಿಸಿಲು ನೆತ್ತಿಗೆ ಬಂದಿದೆ. ನಾಲ್ಕು ಬ್ಲೇಡ್ ಮುರಿದಿವೆ, ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿವೆ.

ತಗಡು ಒಂದಿಷ್ಟು ಸರಿದಾಗ, ಜಾಳಿಗೆಯ ಆಚೆ ಒಂದು ಮೊಳ ದೂರದಲ್ಲಿ ಅದರ ಕಣ್ಣು. ನನ್ನನ್ನೇ ನೋಡುತ್ತಿದೆ. ಕೊಯ್ಯುತ್ತ ಕೊಯ್ಯುತ್ತ ನಾನು ಅದರ ಜೊತೆ ಮಾತಾಡುತ್ತಿದ್ದೇನೆ, "ಆತು ತಾಯಿ, ಇನ್ನ ಸ್ವಲ್ಪೇ ಐತಿ" ಎಂದು.

ಅದು ಮುಂಗಾಲಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟಿತು.

ತಗಡು ಕಳಚಿ, ಇಲಾಖೆಯ ಪೆಟ್ಟಿಗೆಯನ್ನು ಜಾಳಿಗೆಯ ಬಾಗಿಲಿಗೆ ಒತ್ತಿ ಇಟ್ಟು, ಒಳಗೆ ಮಾಂಸ ಹಾಕಿದರು. ಆ ಬಾಗಿಲಿಗೂ ಹಾಕಿದ್ದ ಬೆಸುಗೆ ಕೊಯ್ದು ಅದನ್ನು ಸರಿಸಿದೆ. ಪೂಮಾ ಎದ್ದಿತು. ಕುಂಟುತ್ತ ಬಂತು. ತಾನಾಗಿಯೇ ಒಳಗೆ ಹೋಯಿತು!

ಟ್ರಕ್ ಹೊರಟಾಗ ಬೇಲಿಯ ಆಚೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು. ನಮ್ಮ ಯಜಮಾನರು ಎಲ್ಲರಿಗೂ, "ನಮ್ಮ ಮನಿಯವರ್ರಿ ಕೊಯ್ದದ್ದು" ಎಂದು ಹೇಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾಲೀಕರ ಮೇಲೆ ಕೇಸ್ ನಡೆದಿದೆ. ನನ್ನ ಕೆಲಸವೇನೂ ನಿಂತಿಲ್ಲ, ಗಡಹಿಂಗ್ಲಜದಿಂದಲೇ ಎರಡು ಗೇಟಿನ ಆರ್ಡರ್ ಬಂದಿವೆ.

ನಿನ್ನೆ ಮೇಡಂ ಒಂದು ವಿಡಿಯೊ ಕಳಿಸಿದರು. ರಕ್ಷಣಾ ಕೇಂದ್ರದಲ್ಲಿ ಹುಲ್ಲಿನ ನಡುವೆ ನಮ್ಮ ಪೂಮಾ. ಕಾಲು ಇನ್ನೂ ಸ್ವಲ್ಪ ಸೊಟ್ಟ. ಆದರೂ ಮರದ ಅಟ್ಟದ ಮೇಲೆ ಒಂದೇ ನೆಗೆತಕ್ಕೆ ಹಾರಿ ಕುಳಿತಿತು. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನೋಂದಣಿಯ ಕಾಗದ ಸರಿಯಿದ್ದ ಮಾತ್ರಕ್ಕೆ ಇಂಥ ಪ್ರಾಣಿಯನ್ನು ಮನೆಯಲ್ಲಿ ಸಾಕಲು ಬಿಡಬೇಕೇ? ಪೂರ್ತಿ ನಿಷೇಧಿಸಬೇಕು ಅನ್ನುವವಳು ನಾನು, ನೀವೇನು ಹೇಳುತ್ತೀರಿ?