ಎಣ್ಣೆ ಕಾಣದ ಎಂಟು ದಿನ

ಕೆಂಚಾರ್ಲಹಳ್ಳಿಯಲ್ಲಿ ಬಯ್ಯಪ್ಪನ ಬೈಕ್ ಸೇವೆ ನೋಡಿ ನಗದವರಿರಲಿಲ್ಲ. ಹೆಂಡತಿಗೂ ಇಷ್ಟು ಉಪಚಾರ ಮಾಡಿದವನಲ್ಲ ಎಂದು ಚುಡಾಯಿಸುತ್ತಿದ್ದರು. ಮಳೆಗಾಲ ಬಂತೆಂದರೆ ಪ್ರತಿ ಸಂಜೆ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಎಂಜಿನ್ ಆರಿಸಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಡೀಸೆಲಲ್ಲಿ ಅದ್ದಿದ ಹಳೇ ಬ್ರಷ್ಷಿನಿಂದ ಚೈನಿನ ಕೆಸರು ತೆಗೆದು, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೊಂಡಿಗೊಂದು ತೊಟ್ಟು ಎಣ್ಣೆ ಬಿಡುತ್ತಿದ್ದ. ಒದ್ದೆ ಚೈನಿಗೆ ಎಣ್ಣೆ ಸುರಿದರೆ ನೀರು ಒಳಗೇ ಉಳಿದು ತುಕ್ಕು ಹಿಡಿಯುತ್ತದೆ ಎಂದು ಕೇಳದವರಿಗೂ ಪಾಠ ಹೇಳುತ್ತಿದ್ದ. ಕೇಳಿ ಕೇಳಿ ಊರವರ ಕಿವಿ ಸವೆದಿತ್ತು.

ಆದರೆ ಮನೆಯಲ್ಲಿ ರೇಷ್ಮೆ ಹುಳು ಇದ್ದಾಗ ಅವನ ಆಟ ನಡೆಯುತ್ತಿರಲಿಲ್ಲ. ಆಗ ಎಲ್ಲ ಹೆಂಡತಿ ಗಂಗುಲಮ್ಮನದೇ ಕಾನೂನು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದೆದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ಶುರುಮಾಡುವವರೆಗಿನ ಎಂಟು ದಿನ ಅಲ್ಲಿ ಒಗ್ಗರಣೆ ಸಿಡಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಡೀಸೆಲ್ ಡಬ್ಬದ ಮುಚ್ಚಳ ತೆಗೆಯುವಂತಿಲ್ಲ. ವಾಸನೆ ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ ಎನ್ನುತ್ತಿದ್ದಳು. ಸುಮ್ಮನೆ ಹೇಳುವ ಮಾತಲ್ಲ. ಹಿಂದೊಮ್ಮೆ ಬೆಳೆ ಕೈಕೊಟ್ಟಾಗ ಸತ್ತ ಹುಳುವನ್ನೆಲ್ಲ ತಾನೇ ಹೊತ್ತು ಗುಂಡಿಗೆ ಸುರಿದು ಬಂದವಳು ಅವಳು.

ಹೋದ ವರ್ಷ ಮಳೆ ಸರಿಯಾಗಿ ಆ ಎಂಟು ದಿನಕ್ಕೇ ಹಿಡಿದುಕೊಂಡಿತು. ಸೊಪ್ಪಿನ ಹೊರೆ ಹೊತ್ತ ಬೈಕು ದಿನಕ್ಕೆ ಮೂರು ಸಲ ತೋಟದ ಕೆಸರಿಗೆ ಇಳಿದು ಬರುತ್ತಿತ್ತು. ನಾಲ್ಕನೇ ದಿನಕ್ಕೆ ಬಯ್ಯಪ್ಪನಿಗೆ ತಡೆಯಲಾಗಲಿಲ್ಲ.

“ಚೈನು ಕೆಂಪಗಾಗ್ತಾ ಐತೆ ಕಣೇ. ಮೆಕ್ಯಾನಿಕ್ ವೆಂಕಟೇಶನ ಶಾಪಲ್ಲಾದ್ರೂ ಎಣ್ಣೆ ಹಾಕಿಸ್ಕೊಂಡ್ ಬರ್ತೀನಿ.”

“ಸೊಪ್ಪು ಬರೋದು ಅದೇ ಗಾಡೀಲಿ. ಇನ್ನು ನಾಕು ದಿನ ತಡ್ಕೋ. ಆಮೇಲೆ ಎಣ್ಣೇಲೇ ಸ್ನಾನ ಮಾಡ್ಸು, ಯಾರು ಬೇಡ ಅಂತಾರೆ?” ಎಂದಳು ಗಂಗುಲಮ್ಮ. ಅವನೂ ನಕ್ಕು ಶಾಪಿಗೆ ಹೋಗುವ ಯೋಚನೆ ಬಿಟ್ಟ.

ಎಂಟನೇ ದಿನ ಬೆಳಗಾಗುತ್ತಲೇ ಚಿಕ್ಕಬಳ್ಳಾಪುರದ ಕಡೆಯ ತವರೂರು ಕಳವಾರದಿಂದ ಅವಳ ತಮ್ಮ ಮಧುಸೂದನ್ ಫೋನು ಮಾಡಿದ. “ಅಕ್ಕಾ, ಅಮ್ಮಂಗೆ ಉಸಿರು ಮೇಲ್ಮೇಲೆ ಆಗ್ತಾ ಐತೆ. ನಿನ್ನನ್ನೇ ಕೇಳ್ತಾ ಅವ್ಳೆ. ಬೇಗ ಬಂದ್ಬಿಡು.” ಹುಳುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಗಂಗುಲಮ್ಮ ಬೈಕ್ ಹತ್ತಿದಳು. ಜಡಿಮಳೆ. ಚಿಂತಾಮಣಿ ದಾಟುವಷ್ಟರಲ್ಲಿ ಚೈನು ಕಟಕಟ ಅನ್ನಲು ಶುರುವಾಯಿತು. ಶಿಡ್ಲಘಟ್ಟ ಇನ್ನೂ ದೂರವಿರುವಾಗಲೇ, ಎತ್ತ ನೋಡಿದರೂ ಒಂದು ಮನೆಯಿಲ್ಲದ ಕಡೆ, ತುಂಡಾಗಿ ರಸ್ತೆಗೆ ಬಿತ್ತು. ಮೊದಲು ಬಂದ ಬಸ್ಸು ತುಂಬಿತ್ತು, ನಿಲ್ಲಿಸಲಿಲ್ಲ. ಮತ್ತೊಂದು ಬಂದದ್ದು ಒಂದು ಗಂಟೆಯ ಮೇಲೆ. ಅವಳನ್ನು ಅದಕ್ಕೆ ಹತ್ತಿಸಿ ಬಯ್ಯಪ್ಪ ಬೈಕು ತಳ್ಳುತ್ತ ನಡೆದ.

ಅವಳು ತಲುಪುವ ಹೊತ್ತಿಗೆ ತಾಯಿ ಚಿಕ್ಕವೆಂಕಟಮ್ಮನನ್ನು ಜಗಲಿಯ ಮೇಲೆ ಮಲಗಿಸಿಯಾಗಿತ್ತು. ಪ್ರಾಣ ಹೋಗಿ ಮುಕ್ಕಾಲು ಗಂಟೆ. “ಗಂಗುಲು ಬಂದ್ಲಾ?” ಎಂದು ಎರಡು ಸಲ ಬಾಗಿಲ ಕಡೆ ಮುಖ ತಿರುಗಿಸಿದ್ದಳಂತೆ ಮುದುಕಿ.

ಬಯ್ಯಪ್ಪ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ದಾರಿಯಲ್ಲಿ ಬೈಕು ರಿಪೇರಿ ಮಾಡಿದ ಮೆಕ್ಯಾನಿಕ್ ಬೈದೇ ಕಳಿಸಿದ್ದ: “ಹೊಸಾ ಚೈನು ಕಣಣ್ಣ ಇದು. ಎಣ್ಣೆ ಕಾಣದೆ ಸತ್ತೋಗೈತೆ.” ಮಣ್ಣು ಮಾಡಿ ಬಂದ ಮೇಲೆ ಗಂಗುಲಮ್ಮ ಹಿತ್ತಲಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದಳು. ಅತ್ತು ಅತ್ತು ಕಣ್ಣು ಊದಿಹೋಗಿತ್ತು.

“ನಾನು ಎಣ್ಣೆ ಬೇಡ ಅಂದಿದ್ದಕ್ಕೇನಾ?”

ಬಯ್ಯಪ್ಪ ಆ ಮುಖ ನೋಡಿದ. ಹೌದು ಎಂದರೆ ಈ ಹೆಂಗಸು ಬದುಕಿರುವಷ್ಟು ದಿನವೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಅಂದು ಎರಡು ಸುಳ್ಳು ಒಟ್ಟಿಗೇ ಹೇಳಿದ.

“ಇಲ್ಲ ಕಣೇ. ನಿನಗೆ ಗೊತ್ತಾಗ್ದಂಗೆ ವೆಂಕಟೇಶನ ಹತ್ರ ಹಾಕಿಸ್ಕೊಂಡಿದ್ದೆ. ಚೈನು ಸವೆದೋಗೈತೆ, ಬದಲಾಯ್ಸು ಅಂತ ಅವನು ಯಾವಾಗ್ಲೋ ಹೇಳಿದ್ದ. ನಾನೇ ನಾಳೆ ನಾಳೆ ಅಂದ್ಕೊಂಡೆ.”

ಗಂಗುಲಮ್ಮ ತೋಳು ಬಿಟ್ಟಳು. ಆ ಸಲ ಗೂಡು ಚೆನ್ನಾಗಿಯೇ ಬಂತು. ಅವಳು ಮಾತ್ರ ಮತ್ತೆ ಅವನ ಬೈಕ್ ಹತ್ತಲಿಲ್ಲ. ಇಪ್ಪತ್ತು ವರ್ಷ ಅವನ ಬೆನ್ನ ಹಿಂದೆ ಕೂತು ಊರೂರು ತಿರುಗಿದವಳು ಬಸ್ಸಿಗೆ ಕಾಯುವುದನ್ನು ಕಲಿತಳು. “ಇವನ ಸೋಮಾರಿತನದಿಂದ ನಮ್ಮಮ್ಮನ ಮುಖ ನೋಡ್ಲಿಲ್ಲ” ಎಂದು ಬಂದುಹೋದವರ ಮುಂದೆಲ್ಲ ಹೇಳಿದಳು. ಬಯ್ಯಪ್ಪ ಸೋಮಾರಿಯಂತೆ! ಕೇಳಿದವರು ನಂಬಿದರು ಕೂಡ. ಅವನು ತಲೆತಗ್ಗಿಸಿ ಕೇಳಿಸಿಕೊಂಡ. ರಾತ್ರಿ ಮಾತಿಲ್ಲ, ನಗುವಿಲ್ಲ.

ಮೊನ್ನೆ ಕಳವಾರದಲ್ಲಿ ವರ್ಷದ ತಿಥಿ ಮುಗಿಸಿ ಇಬ್ಬರೂ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿಗೆ ಬಂದರು, ಅವಳು ಆಟೋದಲ್ಲಿ, ಅವನು ಬೈಕಿನಲ್ಲಿ. ಚಿಂತಾಮಣಿಯ ಬಸ್ಸು ಹೊರಡಲು ನಿಂತಿತ್ತು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟವಳು ತಿರುಗಿ ನೋಡಿದಳು.

“ಅಮ್ಮನ ಆಣೆಗೂ ನಿಜ ಹೇಳು. ಅವತ್ತು ಎಣ್ಣೆ ಹಾಕಿಸಿದ್ಯಾ?”

ಒಂದೇ ಒಂದು ಮಾತು. ಇಲ್ಲ ಎಂದಿದ್ದರೆ ಅವಳು ಇಳಿದು ಬರುತ್ತಿದ್ದಳೋ ಏನೋ. ಆದರೆ ಆಮೇಲೆ ಬದುಕಿಡೀ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

“ಹಾಕಿಸಿದ್ದೆ ಕಣೇ,” ಎಂದ ಬಯ್ಯಪ್ಪ. “ಚೈನೇ ಹಳೇದು.”

ಗಂಗುಲಮ್ಮ ಒಳಗೆ ಹೋಗಿ ಅವನಿಗೆ ಕಾಣದ ಕಡೆಯ ಕಿಟಕಿ ಪಕ್ಕ ಕೂತಳು.