ಸಮುದ್ರಕ್ಕೆ ಕಳಿಸಿದ ಮುಟಗಿ

ಪ್ಲೇಗು ಇಳಿದ ವರ್ಷ, ಯುಗಾದಿ ಮುಗಿದ ಮೂರನೆಯ ದಿನ, ಮುಂಬಯಿ ಬಂದರಿನಲ್ಲಿ ಜನ ನೋಡಲೆಂದು ನಿಲ್ಲಿಸಿದ್ದ ಹಳೆಯ ಯುದ್ಧದ ಹಡಗನ್ನು ನನ್ನ ಸೋದರತ್ತೆ ಗಂಗವ್ವ ಬರಿಗಾಲಲ್ಲಿ ಹತ್ತಿದಳು. ಕಬ್ಬಿಣ ಆಗಲೇ ಕಾದಿತ್ತು. ಹಡಗು ತೋರಿಸುವ ಮುದುಕ ಖಲಾಸಿ, ಚಪ್ಪಲಿ ಹಾಕಿಕೊಳ್ಳಿರೆಂದು ಮರಾಠಿಯಲ್ಲಿ ಹೇಳಿದ.

“ನಮ್ಮ ಮನಿಯವರು ಜೀವಾ ಬಿಟ್ಟ ಜಾಗಾ ಐತಿದು. ಚಪ್ಪಲ್ ಹಾಕ್ಕೊಂಡು ತುಳೀಲೇನು?” ಎಂದಳು ಅತ್ತೆ, ಕನ್ನಡದಲ್ಲೇ. ಖಲಾಸಿ ತನ್ನ ಚಪ್ಪಲಿಯನ್ನೂ ಕಳಚಿದ.

ನಾನು ಧಾರವಾಡದ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವವನು. ಯಾರು, ಎಲ್ಲಿ, ಯಾವಾಗ ಎಂದು ಊರವರನ್ನೆಲ್ಲ ಕೇಳುತ್ತೇನೆ. ಮನೆಯವರನ್ನು ಕೇಳುವ ರೂಢಿ ಮಾತ್ರ ಇಲ್ಲ. ಅತ್ತೆಯ ಗಂಡ, ನನ್ನ ಮಾಮ, ಈ ಹಡಗಿನ ತಳದಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ. ಮುಂಬಯಿ ಬಿಟ್ಟ ಎರಡನೆಯ ದಿನ ಜ್ವರದಿಂದ ಸತ್ತ. ಶವವನ್ನು ಸಮುದ್ರಕ್ಕೆ ಬಿಟ್ಟರು. ಮನೆಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಅತ್ತೆ ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದ ಜೊತೆ ಕುಟ್ಟಿ, ಮುಟಗಿ ಕಟ್ಟಿ, ಮುತ್ತಲೆಲೆಯಲ್ಲಿಟ್ಟು ಮುನವಳ್ಳಿಯಲ್ಲಿ ಮಲಪ್ರಭೆಗೆ ಬಿಡುತ್ತಿದ್ದಳು. ಮಾಮನಿಗೆ ಪ್ರೀತಿಯ ತಿನಿಸು ಅದು. ಅವನು ಮಲಗಿರುವ ನೀರಿಗೆ ಹೋಗಿ ಮುಟ್ಟುತ್ತದೆಂದು ನಂಬಿದ್ದಳು. ಹೌದೇ ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

ತಳದ ಒಲೆಗಳ ಮುಂದೆ ಅವಳು ಬಹಳ ಹೊತ್ತು ನಿಂತಳು. “ಪುಣ್ಯಾತ್ಮರು ಮನ್ಯಾಗ ಒಂದ ಕಟಗಿ ಮುರದ ಕೊಡಲಿಲ್ಲ. ಇಲ್ಲಿ ನೋಡು, ಎಂಥಾ ಒಲಿ ಉರಿಸ್ಯಾರ!” ನಗಲು ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೇಲೆ ಕಪ್ತಾನನ ಕೋಣೆಯ ಗೋಡೆಗೆ ದೊಡ್ಡ ನಕಾಶೆಯಿತ್ತು.

“ತಮ್ಮಾ, ನಮ್ಮ ಹೊಳಿ ತೋರಸು.”

ಸವದತ್ತಿಯ ಹತ್ತಿರ ಬೆರಳಿಟ್ಟೆ. ರಾಮದುರ್ಗ ದಾಟಿ, ಕೃಷ್ಣೆಯನ್ನು ಕೂಡಿ, ಬೆರಳು ಬಲಕ್ಕೇ ಹೋಗುತ್ತಿತ್ತು.

“ಆ ಕಡೆ ಎಲ್ಲಿ ಹೊಂಟೀಯೋ?” ಅತ್ತೆ ನಕಾಶೆಯ ಎಡಕ್ಕೆ ಕೈ ಮಾಡಿದಳು. “ಸಮುದ್ರ ಈ ಕಡೆ ಐತಿ.”

“ಹೊಳಿ ಹೋಗೂದು ಆ ಕಡೇನ, ಅತ್ತೀ. ಅಲ್ಲಿರೂ ಸಮುದ್ರ ಬ್ಯಾರೇದು.”

“ರಾಮದುರ್ಗದ ಕಡೆ ಹೋಗೂದು ಗೊತ್ತಿತ್ತು. ಮುಂದ ಎಲ್ಲೆರ ಹೊಳ್ಳತೈತಿ ಅಂತ ತಿಳಕೊಂಡಿದ್ನಿ.” ನನ್ನ ಬೆರಳು ನಿಂತ ಜಾಗವನ್ನು ಮುಟ್ಟಿ ಕೇಳಿದಳು: “ಹಂಗಾರ ಇಷ್ಟ ವರ್ಷ ಯಾರು ಉಂಡ್ರೋ?”

ಎರಡು ಸಮುದ್ರಗಳೂ ಕೆಳಗೆ ಕೂಡುತ್ತವೆಂದು ಖಲಾಸಿ ನಕಾಶೆಯ ಮೇಲೆ ಕೈಯಾಡಿಸಿ ತೋರಿಸಿದ. ಅತ್ತೆ ಆ ದೂರವನ್ನು ಕಣ್ಣಲ್ಲೇ ಅಳೆದಳು.

“ಅಷ್ಟರಾಗ ಹಳಸತೈತಿ” ಎಂದಳು.

ಆ ವರ್ಷದ ಮಹಾಲಯಕ್ಕೆ ಅವಳು ಮುನವಳ್ಳಿಯ ಹೊಳೆಗೆ ಹೋಗಲಿಲ್ಲ. ಚಕ್ಕಡಿಯಲ್ಲಿ ಧಾರವಾಡಕ್ಕೆ ಬಂದು, ನಸುಕಿನಲ್ಲೆದ್ದು ನನ್ನ ಮನೆಯಲ್ಲಿ ರೊಟ್ಟಿ ಬಡಿದು, ನನ್ನನ್ನೂ ಕರೆದುಕೊಂಡು ರೈಲಿನಲ್ಲಿ ಘಟ್ಟ ಇಳಿದಳು. ಹಳ್ಳವೊಂದರ ದಂಡೆಯಲ್ಲಿ ನಿಂತಾಗ ಮಧ್ಯಾಹ್ನ ಇಳಿದಿತ್ತು. ಮೊದಲು ಒಂದು ಒಣ ಎಲೆ ಬಿಟ್ಟಳು. ಅದು ಹೊತ್ತು ಮುಳುಗುವ ಕಡೆಗೆ ಹೋದದ್ದನ್ನು ನೋಡಿ, ಮುಟಗಿಯ ಎಲೆಯನ್ನು ನೀರಿಗಿಟ್ಟಳು.